ಅಂಜುಬುರುಕ ಇಲಿಗಳ ಜೋಡಿಯನ್ನು ಬೇರ್ಪಡಿಸಿದರೆ ಬೇಗ ಪಳಗುತ್ತವೆಯೇ?

ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ಪ್ರಾಣಿರಕ್ಷಣಾ ಕೇಂದ್ರವೊಂದರ ದತ್ತು ಪಟ್ಟಿಯನ್ನು ನೋಡಿದರೆ ನಾಯಿ, ಬೆಕ್ಕು, ಮೊಲಗಳ ಸಾಲಿನಲ್ಲೇ ಇಲಿಗಳ ಫೋಟೋಗಳೂ ಕಾಣಿಸುತ್ತವೆ. ಎಷ್ಟೋ ಸಲ ಅವು ಜೋಡಿಯಾಗಿಯೇ ಇರುತ್ತವೆ. ಫೋಟೋದ ಕೆಳಗೆ ಎರಡು ಮಾತು: ಇವು ತುಂಬಾ ಅಂಜುತ್ತವೆ, ತಾಳ್ಮೆ ಬೇಕು, ಇವನ್ನು ಬೇರೆ ಬೇರೆ ಮಾಡುವಂತಿಲ್ಲ, ಒಯ್ದರೆ ಎರಡನ್ನೂ ಒಯ್ಯಬೇಕು.

ಅಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲೂ ಶಾಲೆಗೆ ಹೋಗುವ ಮಗು 'ಇಲಿ ಸಾಕೋಣ' ಎಂದು ಹಟ ಹಿಡಿಯುವುದುಂಟು. ಈ ಸುದ್ದಿ ಊರಿನ ಅಜ್ಜಿಯ ಕಿವಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ. ಗಣಪತಿಯ ಕಾಲ ಬಳಿ ಕೂತ ಇಲಿಗೆ ಕೈಮುಗಿಯುತ್ತೇವೆ, ಅಡುಗೆಮನೆಯಲ್ಲಿ ಕಂಡ ಇಲಿಗೆ ಬೋನು ಇಡುತ್ತೇವೆ. ಇವೆರಡರ ನಡುವೆ 'ಸಾಕುವ ಇಲಿ' ಎಂಬ ಮೂರನೆಯ ಜಾಗ ನಮ್ಮ ಮನಸ್ಸಿನಲ್ಲಿ ಇಲ್ಲ.

ಅಜ್ಜಿಯ ಒಪ್ಪಿಗೆ ಹೇಗೋ ಸಿಕ್ಕಿತು ಎನ್ನಿ. ಆಗ ಇನ್ನೊಂದು ಸಲಹೆ ಬರುತ್ತದೆ, ಅದೂ ತಿಳಿದವರಿಂದಲೇ: 'ಎರಡನ್ನು ತಂದರೆ ಅವು ಒಂದಕ್ಕೊಂದು ಅಂಟಿಕೊಂಡು ನಿಮ್ಮ ಹತ್ತಿರ ಬರುವುದಿಲ್ಲ. ಒಂದನ್ನೇ ತನ್ನಿ, ಇಲ್ಲವೇ ಎರಡನ್ನೂ ಬೇರೆ ಪಂಜರದಲ್ಲಿಡಿ. ಬೇರೆ ಗತಿಯಿಲ್ಲದೆ ನಿಮ್ಮನ್ನು ಹಚ್ಚಿಕೊಳ್ಳುತ್ತದೆ.' ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಇಲಿಯ ಮಿದುಳು ಮತ್ತು ವರ್ತನೆಯ ಬಗ್ಗೆ ನೂರಕ್ಕೂ ಹೆಚ್ಚು ವರ್ಷಗಳಿಂದ ನಡೆದಿರುವ ಅಧ್ಯಯನ ಹೇಳುವುದು ಇದಕ್ಕೆ ಹೆಚ್ಚೂಕಡಿಮೆ ವಿರುದ್ಧವಾದದ್ದನ್ನು.

ಇದು ನಿಮ್ಮ ಅಟ್ಟದ ಇಲಿಯಲ್ಲ

ಮೊದಲು ಯಾವ ಇಲಿಯ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಗೊತ್ತಿರಲಿ. ಕರ್ನಾಟಕದ ಮನೆಗಳ ಮಾಡಿನಲ್ಲಿ, ತೆಂಗಿನ ಮರದಲ್ಲಿ ಓಡಾಡುವುದು ಸಾಮಾನ್ಯವಾಗಿ ಕಪ್ಪು ಇಲಿ ಎಂಬ ಪ್ರಭೇದ. ಚರಂಡಿಯಿಂದ ಬಂದು ಗೋಡೆಯ ಬುಡ ಕೊರೆಯುವ ಹೆಗ್ಗಣ ಬೇರೆಯೇ ಕುಲದ್ದು. ಇಂಗ್ಲಿಷಿನಲ್ಲಿ ಅದಕ್ಕಿರುವ 'ಬ್ಯಾಂಡಿಕೂಟ್' ಎಂಬ ಹೆಸರು ಹುಟ್ಟಿದ್ದು 'ಹಂದಿ ಇಲಿ' ಎಂಬ ಅರ್ಥದ ತೆಲುಗು ಪದದಿಂದ. ಸಾಕು ಇಲಿ ಇವೆರಡೂ ಅಲ್ಲ. ಅದು ಕಂದು ಇಲಿ, ಅಂದರೆ ರ‍್ಯಾಟಸ್ ನಾರ್ವೆಜಿಕಸ್ ಎಂಬ ಪ್ರಭೇದದ ಒಗ್ಗಿಸಿದ ರೂಪ.

ಅದು ಒಗ್ಗಿದ ಕತೆ ಅಷ್ಟೇನೂ ಚೆಂದದ್ದಲ್ಲ. 19ನೇ ಶತಮಾನದ ಲಂಡನ್ನಿನಲ್ಲಿ ಇಲಿಗಳನ್ನು ಅಖಾಡಕ್ಕೆ ಬಿಟ್ಟು ನಾಯಿ ಎಷ್ಟು ಬೇಗ ಕೊಲ್ಲುತ್ತದೆ ಎಂದು ಬಾಜಿ ಕಟ್ಟುವ ಆಟವಿತ್ತು. ಅದಕ್ಕೆ ಇಲಿ ಹಿಡಿದುಕೊಡುವವರೂ ಇದ್ದರು. ವಿಕ್ಟೋರಿಯಾ ರಾಣಿಯ ಇಲಿಹಿಡುಕ ಎಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತ ಬಿಳಿ, ಮಚ್ಚೆ ಮುಂತಾದ ಅಪರೂಪದ ಬಣ್ಣದವು ಸಿಕ್ಕಿದರೆ ಕೊಲ್ಲದೆ ಇಟ್ಟುಕೊಂಡು ಮರಿಮಾಡಿಸಿ ಮಾರುತ್ತಿದ್ದ. 1901ರಲ್ಲಿ ಮೇರಿ ಡಗ್ಲಸ್ ಎಂಬ ಮಹಿಳೆಯ ಒತ್ತಾಯದಿಂದ ಇಂಗ್ಲೆಂಡಿನ ಸಾಕು ಸುಂಡಿಲಿಗಳ ಪ್ರದರ್ಶನದಲ್ಲಿ ಇಲಿಗಳಿಗೂ ಜಾಗ ಸಿಕ್ಕಿತು. ಅತ್ತ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆ 1906ರ ಹೊತ್ತಿಗೆ ಪ್ರಯೋಗಾಲಯಕ್ಕೆಂದೇ ಒಂದು ತಳಿಯನ್ನು ಬೆಳೆಸತೊಡಗಿತ್ತು. ಹೀಗೆ ನೂರಾರು ಪೀಳಿಗೆಗಳಿಂದ ಮನುಷ್ಯರ ಕೈಯಲ್ಲಿ ಬೆಳೆದ ಪ್ರಾಣಿ ಇದು. ಕಾಡುಪ್ರಾಣಿಯಲ್ಲ. ಹಾಗೆಯೇ ಚರಂಡಿಯ ಇಲಿಯನ್ನು ಹಿಡಿದು ತಂದು ಸಾಕಲು ಹೋಗಬಾರದು ಎಂಬುದೂ ಇದರಲ್ಲೇ ಅಡಗಿದೆ.

ಹಾಗಿದ್ದ ಮೇಲೆ ಅಂಜಿಕೆ ಎಲ್ಲಿಂದ ಬಂತು?

ಅಂಜಿಕೆಯಲ್ಲಿ ತಳಿಗುಣದ ಪಾಲು ಖಂಡಿತ ಇದೆ. ಸೈಬೀರಿಯಾದ ನೊವೊಸಿಬಿರ‍್ಸ್ಕ್‌ನಲ್ಲಿ ದ್ಮಿತ್ರಿ ಬೆಲ್ಯಾಯೆವ್ ನರಿಗಳನ್ನು ಪಳಗಿಸಿದ ಪ್ರಯೋಗದ ಬಗ್ಗೆ ನೀವು ಓದಿರಬಹುದು. ಅದೇ ಸಂಸ್ಥೆಯಲ್ಲಿ 1972ರಿಂದ ಕಾಡು ಇಲಿಗಳ ಮೇಲೂ ಇಂಥದ್ದೇ ಪ್ರಯೋಗ ನಡೆಯಿತು. ಪ್ರತಿ ಪೀಳಿಗೆಯಲ್ಲೂ ಮನುಷ್ಯರ ಕೈಯನ್ನು ಚೆನ್ನಾಗಿ ಸಹಿಸಿಕೊಂಡವನ್ನೇ ಆರಿಸಿ ಒಂದು ಸಾಲು, ಅತ್ಯಂತ ಉಗ್ರವಾಗಿ ಪ್ರತಿಭಟಿಸಿದವನ್ನೇ ಆರಿಸಿ ಇನ್ನೊಂದು ಸಾಲು. ಹತ್ತಾರು ಪೀಳಿಗೆ ಕಳೆದಾಗ ಒಂದು ಸಾಲಿನವು ಕೈಗೆ ಬಂದವು, ಇನ್ನೊಂದು ಸಾಲಿನವು ಕೈಗವಸು ತೊಟ್ಟ ಕೈಯ ಮೇಲೂ ಎರಗಿದವು.

ಆದರೆ ತಳಿಗುಣವೇ ಎಲ್ಲವೂ ಅಲ್ಲ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮೈಕೇಲ್ ಮೀನಿ ಮತ್ತು ಸಂಗಡಿಗರು ತಾಯಿ ಇಲಿಗಳನ್ನು ಗಮನಿಸಿದರು. ಕೆಲವು ತಾಯಂದಿರು ಮರಿಗಳನ್ನು ಹೆಚ್ಚು ನೆಕ್ಕಿ ನೇವರಿಸುತ್ತವೆ, ಕೆಲವು ಕಡಿಮೆ. ಹುಟ್ಟಿದ ಮೊದಲ ವಾರದಲ್ಲಿ ಹೆಚ್ಚು ನೆಕ್ಕಿಸಿಕೊಂಡ ಮರಿಗಳು ದೊಡ್ಡವಾದಾಗ ಒತ್ತಡವನ್ನು ಸುಲಭವಾಗಿ ತಾಳಿಕೊಂಡವು, ಹೊಸ ಜಾಗದಲ್ಲಿ ಕಡಿಮೆ ಹೆದರಿದವು. ಕಡಿಮೆ ನೆಕ್ಕುವ ತಾಯಿಯ ಮರಿಗಳನ್ನು ಹೆಚ್ಚು ನೆಕ್ಕುವ ತಾಯಿಯ ಬಳಿ ಬೆಳೆಸಿದರೆ ಅವೂ ಧೈರ್ಯವಂತವಾದವು. ಅಂದರೆ ಬಂದದ್ದು ರಕ್ತದಿಂದಲ್ಲ, ಆರೈಕೆಯಿಂದ. ಆ ಆರೈಕೆ ಮಿದುಳಿನಲ್ಲಿ ಒತ್ತಡದ ಹಾರ್ಮೋನನ್ನು ನಿಯಂತ್ರಿಸುವ ಜೀನೊಂದರ ಮೇಲೆ ರಾಸಾಯನಿಕ ಗುರುತು ಬಿಟ್ಟಿರುತ್ತದೆ ಎಂದು 2004ರಲ್ಲಿ ಅವರು ತೋರಿಸಿದರು.

ಈಗ ರಕ್ಷಣಾ ಕೇಂದ್ರಕ್ಕೆ ಬರುವ ಇಲಿಗಳ ಹಿನ್ನೆಲೆಯನ್ನು ನೋಡಿ. ಅಂಗಡಿಯವರು ಗಂಡು ಹೆಣ್ಣು ಗುರುತಿಸುವಲ್ಲಿ ಎಡವಿ 'ಎರಡೂ ಹೆಣ್ಣು' ಎಂದು ಕೊಟ್ಟದ್ದು ಮೂರೇ ವಾರದಲ್ಲಿ ಹನ್ನೆರಡಾಗುತ್ತದೆ. ಇಲಿಯ ಗರ್ಭಾವಧಿ 21ರಿಂದ 23 ದಿನ. ಹೆತ್ತ ಒಂದೆರಡು ದಿನದೊಳಗೇ ತಾಯಿ ಮತ್ತೆ ಗರ್ಭ ಧರಿಸಬಲ್ಲದು. ಮರಿಗಳೂ ಐದಾರು ವಾರಕ್ಕೆ ಪ್ರಾಯಕ್ಕೆ ಬರಬಹುದು. ಹೀಗೆ ಕೈಮೀರಿದ ಮನೆಗಳಿಂದ, ಹಾವುಗಳ ಆಹಾರಕ್ಕೆಂದು ಬೆಳೆಸುವ ಕಡೆಗಳಿಂದ, ಕೆಲವೊಮ್ಮೆ ಪ್ರಯೋಗಾಲಯಗಳಿಂದ ಬಂದ ಇಲಿಗಳು ಇವು. ಕಿಕ್ಕಿರಿದ ಪಂಜರದಲ್ಲಿ ಬಳಲಿದ ತಾಯಿ, ಮನುಷ್ಯರ ಕೈ ಕಂಡರೆ ಅದು ಎತ್ತಿ ಸಾಗಿಸಲು ಮಾತ್ರ ಎಂಬ ಅನುಭವ. ಇಂಥ ಇಲಿ ನಿಮ್ಮನ್ನು ಕಂಡು ಮೂಲೆಗೆ ಓಡಿದರೆ ಅದು ನಿಮ್ಮನ್ನು ದ್ವೇಷಿಸುತ್ತಿಲ್ಲ. ತನಗೆ ಗೊತ್ತಿರುವ ಲೋಕದ ಪ್ರಕಾರ ಅದು ಸರಿಯಾಗಿಯೇ ಲೆಕ್ಕ ಹಾಕಿದೆ.

ಜೊತೆಗಾರ ಇದ್ದರೆ ಏನಾಗುತ್ತದೆ?

ಇಲಿಗಳು 'ಜೋಡಿ' ಎಂದಾಗ ದಾಂಪತ್ಯವನ್ನು ಕಲ್ಪಿಸಿಕೊಳ್ಳುವುದು ಬೇಡ. ಅಮೆರಿಕದ ಹುಲ್ಲುಗಾವಲಿನ ಪ್ರೇರಿ ವೋಲ್ ಎಂಬ ಪುಟ್ಟ ದಂಶಕದಂತೆ ಒಂದೇ ಸಂಗಾತಿಗೆ ಕಟ್ಟುಬೀಳುವ ಜಾತಿಯಲ್ಲ ಇದು. ಕಂದು ಇಲಿ ಗುಂಪಿನಲ್ಲಿ ಬಾಳುವ ಪ್ರಾಣಿ. ದತ್ತು ಪಟ್ಟಿಯ ಜೋಡಿ ಎಂದರೆ ಸಾಮಾನ್ಯವಾಗಿ ಒಂದೇ ಲಿಂಗದ, ಒಟ್ಟಿಗೆ ಬೆಳೆದ ಎರಡು. ಆದರೆ ಪರಿಚಯ ಎಂಬುದಕ್ಕೆ ಅವುಗಳಲ್ಲಿ ನಿಜವಾದ ಬೆಲೆಯಿದೆ, ಅದನ್ನು ಅಳೆದೂ ನೋಡಲಾಗಿದೆ.

ಟೋಕಿಯೋ ವಿಶ್ವವಿದ್ಯಾಲಯದ ಕಿಯೋಕಾವಾ ಮತ್ತು ಸಂಗಡಿಗರು ಹಲವು ವರ್ಷ ನಡೆಸಿದ ಪ್ರಯೋಗಗಳ ಸಾರ ಇಷ್ಟು: ಒಂದು ಸದ್ದು ಕೇಳಿದಾಗಲೆಲ್ಲ ಸಣ್ಣ ವಿದ್ಯುದಾಘಾತ ಕೊಟ್ಟು ಆ ಸದ್ದಿಗೇ ಹೆದರುವಂತೆ ಇಲಿಯನ್ನು ಮಾಡಲಾಯಿತು. ಆಮೇಲೆ ಸದ್ದು ಮಾತ್ರ ಕೇಳಿಸಿದರೆ ಒಂಟಿ ಇಲಿ ಕಲ್ಲಾಗಿ ನಿಲ್ಲುತ್ತದೆ, ದೇಹದಲ್ಲಿ ಒತ್ತಡದ ಹಾರ್ಮೋನು ಏರುತ್ತದೆ. ಪಕ್ಕದಲ್ಲಿ ಇನ್ನೊಂದು ಇಲಿ ಇದ್ದರೆ ಈ ಹೆದರಿಕೆ ಎದ್ದುಕಾಣುವಷ್ಟು ಇಳಿಯುತ್ತದೆ. ಆ ಇನ್ನೊಂದು ಇಲಿ ಏನೂ ಮಾಡಬೇಕಿಲ್ಲ, ಅದರ ವಾಸನೆ ಸಿಕ್ಕರೂ ಕೆಲಸ ಆಗುತ್ತದೆ. 2014ರಲ್ಲಿ ಇದೇ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅಪರಿಚಿತ ಇಲಿಗಿಂತ ಪರಿಚಿತ ಇಲಿಯ ಸಾನ್ನಿಧ್ಯ ಹೆಚ್ಚು ಸಮಾಧಾನ ಕೊಡುತ್ತದೆ ಎಂದು ತೋರಿಸಿತು. ವಿಜ್ಞಾನಿಗಳು ಇದನ್ನು ಸಾಮಾಜಿಕ ಆಸರೆ ಎಂಬರ್ಥದ ಪದದಿಂದ ಕರೆಯುತ್ತಾರೆ. ಇಂಜೆಕ್ಷನ್ ಚುಚ್ಚುವಾಗ ಅಮ್ಮನ ಸೆರಗು ಹಿಡಿದ ಮಗುವನ್ನು ನೋಡಿದವರಿಗೆ ಇದು ಹೊಸ ವಿಷಯವೇನಲ್ಲ.

ನಿಮ್ಮ ಹೊಸ ಮನೆ, ಹೊಸ ವಾಸನೆ, ಹೊಸ ಸದ್ದುಗಳ ನಡುವೆ ಆ ಅಂಜುಬುರುಕ ಇಲಿಗೆ ಗೊತ್ತಿರುವ ಒಂದೇ ಒಂದು ಸಂಗತಿ ಎಂದರೆ ಪಕ್ಕದ ಇಲಿ. ಅದನ್ನು ತೆಗೆದುಬಿಟ್ಟರೆ ಪಳಗುವ ಕೆಲಸಕ್ಕೆ ಬೇಕಾದ ನೆಲೆಯನ್ನೇ ತೆಗೆದಂತೆ. ಹೆದರಿದ ಪ್ರಾಣಿ ಹೊಸದನ್ನು ಕಲಿಯುವುದಿಲ್ಲ. ಅಥವಾ ಕಲಿಯುತ್ತದೆ, ಹೆದರಿಕೆಯನ್ನೇ.

ಬರೀ ಸಮಾಧಾನವಲ್ಲ, ಪಾಠವೂ ಜೊತೆಗಾರನಿಂದಲೇ ಬರುತ್ತದೆ. ಇಲಿಗೆ ವಾಂತಿ ಮಾಡಲು ಆಗುವುದಿಲ್ಲ. ಒಮ್ಮೆ ನುಂಗಿದ ವಿಷವನ್ನು ಹೊರಹಾಕುವ ದಾರಿ ಇಲ್ಲದ ಪ್ರಾಣಿ ಹೊಸ ತಿನಿಸನ್ನು ಕಂಡರೆ ಹಿಂಜರಿಯುವುದು ಸಹಜ. ಹಾಗಾದರೆ ಯಾವುದು ತಿನ್ನಲು ಯೋಗ್ಯ ಎಂದು ಅದು ತಿಳಿಯುವುದು ಹೇಗೆ? ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲೆಫ್ ಇದನ್ನೇ ಬೆನ್ನುಹತ್ತಿದರು. ಒಂದು ಇಲಿ ಕೋಕೋ ಬೆರೆಸಿದ ಆಹಾರ ತಿಂದು ಬಂತು ಎನ್ನಿ. ಇನ್ನೊಂದು ಅದರ ಬಾಯಿಯ ಬಳಿ ಮೂಸುತ್ತದೆ. ಆಮೇಲೆ ಆಯ್ಕೆ ಕೊಟ್ಟರೆ ಮೂಸಿದ ಇಲಿಯೂ ಕೋಕೋದ ಆಹಾರವನ್ನೇ ಬಯಸುತ್ತದೆ. ಆಹಾರದ ವಾಸನೆಯೊಂದೇ ಇದ್ದರೆ ಸಾಲದು. ಇಲಿಯ ಉಸಿರಿನಲ್ಲಿ ಸಹಜವಾಗಿ ಇರುವ ಕಾರ್ಬನ್ ಡೈಸಲ್ಫೈಡ್ ಎಂಬ ಅನಿಲದ ಜೊತೆಗೆ ಆ ವಾಸನೆ ಸೇರಿರಬೇಕು. 'ಇದನ್ನು ನನ್ನಂಥವನೊಬ್ಬ ತಿಂದ, ಇನ್ನೂ ಬದುಕಿದ್ದಾನೆ' ಎಂಬ ಸಂದೇಶ ಅದು.

ಇದರ ಉಪಯೋಗ ನೇರವಾದದ್ದು. ಜೋಡಿಯಲ್ಲಿ ಎರಡೂ ಒಂದೇ ಅಳತೆಯ ಅಂಜುಬುರುಕ ಆಗಿರುವುದು ಅಪರೂಪ. ಒಂದು ಕೂದಲೆಳೆಯಷ್ಟಾದರೂ ಧೈರ್ಯವಂತ ಇರುತ್ತದೆ. ಅದು ನಿಮ್ಮ ಬೆರಳಿನಿಂದ ಒಂದು ಚೂರು ಬೇಯಿಸಿದ ಮೊಟ್ಟೆಯನ್ನು ತೆಗೆದುಕೊಂಡು ಗೂಡಿಗೆ ಓಡಿತು ಎಂದರೆ ಒಳಗೆ ಕೂತ ಇನ್ನೊಂದಕ್ಕೆ ಸುದ್ದಿ ಮುಟ್ಟಿತು. ಧೈರ್ಯವಂತನನ್ನು ಒಲಿಸಿಕೊಳ್ಳುವುದೇ ಅಂಜುಬುರುಕನನ್ನು ಮುಟ್ಟುವ ಹತ್ತಿರದ ದಾರಿ. ಜೊತೆಗಾರ ಇರುವುದು ಅಡ್ಡಿ ಎಂದು ಹೇಳುವವರು ಈ ಲೆಕ್ಕವನ್ನು ಬಿಟ್ಟಿರುತ್ತಾರೆ.

ಇನ್ನು ಒಂಟಿತನದ ಬೆಲೆ. ಷಿಕಾಗೊ ವಿಶ್ವವಿದ್ಯಾಲಯದ ಮಾರ್ತಾ ಮ್ಯಾಕ್‌ಕ್ಲಿಂಟಾಕ್ ಅವರ ತಂಡ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂಟಿಯಾಗಿ ಬೆಳೆದ ಹೆಣ್ಣಿಲಿಗಳ ಸ್ತನದ ಗಡ್ಡೆಗಳ ಒಟ್ಟು ಹೊರೆ ಗುಂಪಿನಲ್ಲಿ ಬೆಳೆದವುಗಳದ್ದಕ್ಕಿಂತ 84 ಪಟ್ಟು ಹೆಚ್ಚಿತ್ತು. ಅವು ಹೆಚ್ಚು ಅಂಜುತ್ತಿದ್ದವು, ಒತ್ತಡವಾದಾಗ ಅವುಗಳ ಹಾರ್ಮೋನು ಮಾಮೂಲಿ ಮಟ್ಟಕ್ಕೆ ಇಳಿಯಲು ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಈ ಸಂಖ್ಯೆಯನ್ನು ಹಾಗೆಯೇ ನಿಮ್ಮ ಮನೆಯ ಇಲಿಗೆ ಅನ್ವಯಿಸಬಾರದು: ಅವು ಗಡ್ಡೆ ಬರುವ ಪ್ರವೃತ್ತಿ ಮೊದಲೇ ಹೆಚ್ಚಿರುವ ತಳಿ, ಒಂಟಿತನವೂ ಬಾಳಿನುದ್ದದ್ದು. ಆದರೂ ದಿಕ್ಕು ಸ್ಪಷ್ಟ. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಇಲಿಯನ್ನು ಒಂಟಿಯಾಗಿ ಸಾಕಬೇಡಿ ಎಂದು ಹೇಳುವುದು ಭಾವುಕತೆಯಿಂದಲ್ಲ.

ಷಿಕಾಗೊದಲ್ಲೇ 2011ರಲ್ಲಿ ನಡೆದ ಇನ್ನೊಂದು ಪ್ರಯೋಗ ಹೆಚ್ಚು ಹೆಸರಾಯಿತು. ಕಿರಿದಾದ ಕೊಳವೆಯಲ್ಲಿ ಸಿಕ್ಕಿಕೊಂಡ ಜೊತೆಗಾರನನ್ನು ಹೊರಗಿನ ಇಲಿ ಬಾಗಿಲು ತೆರೆಯಲು ಕಲಿತು ಬಿಡಿಸಿತು. ಪಕ್ಕದ ಪೆಟ್ಟಿಗೆಯಲ್ಲಿ ಚಾಕೊಲೇಟ್ ಇಟ್ಟರೂ ಎರಡೂ ಬಾಗಿಲು ತೆರೆದು, ಎಷ್ಟೋ ಸಲ ಬಿಡುಗಡೆಯಾದವನಿಗೂ ಪಾಲು ಉಳಿಸಿತು. ಇದನ್ನು ಅನುಕಂಪ ಎನ್ನಬೇಕೋ, ಸಂಗದ ಆಸೆ ಎನ್ನಬೇಕೋ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಇಲಿ ಸಾಕುವವರಿಗೆ ಎರಡರಲ್ಲಿ ಯಾವುದಾದರೂ ಸಾಕು.

ಒಂದು ಮಾತನ್ನು ಮುಚ್ಚಿಡಬಾರದು. ಸಮಾಧಾನ ಹರಡುವಂತೆ ಹೆದರಿಕೆಯೂ ಹರಡುತ್ತದೆ. ಹೆದರಿದ ಇಲಿ ಸುಮಾರು 22 ಕಿಲೋಹರ್ಟ್ಜ್ ಆವರ್ತನದ ಕೂಗು ಹಾಕುತ್ತದೆ. ನಮ್ಮ ಕಿವಿಯ ಮಿತಿ ಹೆಚ್ಚೆಂದರೆ 20, ಹಾಗಾಗಿ ನಮಗೆ ಕೇಳುವುದಿಲ್ಲ. ಪಕ್ಕದ ಇಲಿಗೆ ಕೇಳುತ್ತದೆ. ಒಂದನ್ನು ಬಲವಂತವಾಗಿ ಹಿಡಿದರೆ ಎರಡೂ ಪಾಠ ಕಲಿಯುತ್ತವೆ. ಜೋಡಿಯೊಡನೆ ತಾಳ್ಮೆ ಇರುವವರಿಗೆ ಲಾಭ ದುಪ್ಪಟ್ಟು, ಅವಸರದವರಿಗೆ ನಷ್ಟವೂ ದುಪ್ಪಟ್ಟು.

ಸುಮ್ಮನೆ ಕೂತಿದೆ ಎಂದರೆ ಒಗ್ಗಿದೆ ಎಂದಲ್ಲ

ಇಲಿ ಸಾಕುವವರಲ್ಲಿ ಬಹಳ ಹರಡಿರುವ ಒಂದು ವಿಧಾನ ಹೀಗಿದೆ: ದಿನವೂ ಅದನ್ನು ಎತ್ತಿಕೊಳ್ಳಿ, ಒದ್ದಾಡಿದರೂ ಬಿಡಬೇಡಿ, ಸುಮ್ಮನಾಗುವ ತನಕ ಹಿಡಿದುಕೊಂಡಿರಿ. ಇಪ್ಪತ್ತು ನಿಮಿಷದಲ್ಲಿ ಅದು ಸುಮ್ಮನಾಗುವುದು ನಿಜ. ಆದರೆ ಇಲಿ ಬೇಟೆಗೆ ಸಿಗುವ ಪ್ರಾಣಿ; ತಪ್ಪಿಸಿಕೊಳ್ಳುವ ದಾರಿ ಇಲ್ಲದಾಗ ಅದರ ಕೊನೆಯ ಉಪಾಯವೇ ಅಲುಗಾಡದೆ ಕೂರುವುದು. ಮಡಿಲಲ್ಲಿ ಕಣ್ಣು ಉಬ್ಬಿಸಿಕೊಂಡು, ಮೈ ಬಿಗಿಹಿಡಿದು, ಹಿಕ್ಕೆ ಹಾಕುತ್ತಾ ಕೂತ ಇಲಿಯನ್ನು 'ಎಷ್ಟು ಶಾಂತವಾಗಿದೆ ನೋಡಿ' ಎಂದು ವಿಡಿಯೋ ಮಾಡುವವರಿದ್ದಾರೆ. ಮೈ ನೆಕ್ಕಿಕೊಳ್ಳುವುದು, ಕೊಟ್ಟದ್ದನ್ನು ಅಲ್ಲೇ ಕೂತು ತಿನ್ನುವುದು, ಮೀಸೆ ಆಡಿಸುತ್ತಾ ಸುತ್ತ ಮೂಸುವುದು, ಹಲ್ಲು ಮೆಲ್ಲಗೆ ಕಟಕಟಿಸುವುದು — ಇವು ಸಮಾಧಾನದ ಲಕ್ಷಣಗಳು. ಹೆದರಿದ ಇಲಿ ಕೈಯಿಂದ ತಿನ್ನುವುದಿಲ್ಲ. ಇದಕ್ಕಿಂತ ಸುಲಭವಾದ ಪರೀಕ್ಷೆ ನನಗೆ ಗೊತ್ತಿಲ್ಲ.

ಹಾಗಾದರೆ ಮೊದಲ ವಾರಗಳಲ್ಲಿ ಮಾಡಬೇಕಾದ್ದೇನು? ಹೆಚ್ಚಾಗಿ, ಏನನ್ನೂ ಮಾಡದಿರುವುದು. ಪಂಜರದಲ್ಲಿ ಅಡಗಲು ಎರಡು ಮೂರು ಗೂಡುಗಳಿರಲಿ. ಅಡಗಲು ಜಾಗ ಇದ್ದ ಪ್ರಾಣಿಯೇ ಹೊರಗೆ ಬರುವ ಧೈರ್ಯ ಮಾಡುತ್ತದೆ. ಒಂದು ಗೂಡು ಎರಡಕ್ಕೂ ಒಟ್ಟಿಗೆ ಮಲಗುವಷ್ಟು ದೊಡ್ಡದಿರಲಿ. ಪಂಜರ ನೆಲದ ಮೇಲೆ ಬೇಡ, ಎದೆಮಟ್ಟದಲ್ಲಿರಲಿ; ಮೇಲಿನಿಂದ ಇಳಿದು ಬರುವ ಕೈ ಇಲಿಯ ಮಿದುಳಿಗೆ ಗೂಬೆಯೇ. ದಿನವೂ ಒಂದೇ ಹೊತ್ತಿಗೆ ಹತ್ತಿರ ಕೂತು ಪುಸ್ತಕ ಓದಿ, ಫೋನಿನಲ್ಲಿ ಮಾತಾಡಿ. ಕನ್ನಡವೋ ಇಂಗ್ಲಿಷೋ, ಅದಕ್ಕೆ ಬೇಕಾದ್ದು ನಿಮ್ಮ ದನಿಯ ಪರಿಚಯ. ನೀವು ಒಂದು ರಾತ್ರಿ ತೊಟ್ಟ ಹಳೆಯ ಬಟ್ಟೆಯನ್ನು ಗೂಡಿಗೆ ಹಾಕಿದರೆ ನಿಮ್ಮ ವಾಸನೆ ಅದರ ಹಾಸಿಗೆಯ ವಾಸನೆಯಾಗುತ್ತದೆ. ಇಲಿಯ ಕಣ್ಣು ಬಹಳ ಮಂದ, ಕೆಂಪು ಕಣ್ಣಿನ ಬಿಳಿ ಇಲಿಗಳದ್ದು ಇನ್ನೂ ಮಂದ. ಅವು ತಲೆಯನ್ನು ಎಡಬಲಕ್ಕೆ ತೂಗುತ್ತಿದ್ದರೆ ಕಾಯಿಲೆ ಎಂದು ಗಾಬರಿಯಾಗುವುದು ಬೇಡ. ದೂರವನ್ನು ಅಂದಾಜು ಮಾಡಲು ಅವು ಹಾಗೆ ಮಾಡುತ್ತವೆ.

ಆಮೇಲೆ ಚಮಚ. ಸ್ವಲ್ಪ ಮೊಸರನ್ನು ಉದ್ದ ಹಿಡಿಯ ಚಮಚದಲ್ಲಿ ಒಡ್ಡಿದರೆ ಇಲಿ ಅದನ್ನು ಕಚ್ಚಿಕೊಂಡು ಓಡಲಾರದು, ಅಲ್ಲೇ ನಿಂತು ನೆಕ್ಕಬೇಕಾಗುತ್ತದೆ. ದಿನದಿಂದ ದಿನಕ್ಕೆ ಚಮಚವನ್ನು ಹಿಂದೆ ತರುತ್ತಾ, ಕೊನೆಗೆ ಬೆರಳಿಗೆ. ಕಂಬಿಯ ಸಂದಿಯಿಂದ ತಿನಿಸು ಕೊಡುವ ಅಭ್ಯಾಸ ಮಾತ್ರ ಬೇಡ. ಸಂದಿಯಲ್ಲಿ ತೂರಿಬಂದದ್ದೆಲ್ಲ ತಿನಿಸು ಎಂದು ಕಲಿತ ಇಲಿ ನಾಳೆ ಮಗುವಿನ ಬೆರಳನ್ನೂ ಕಚ್ಚಿ ನೋಡುತ್ತದೆ. ಎತ್ತಲೇಬೇಕಾದಾಗ ಬಾಲ ಹಿಡಿಯಬೇಡಿ. ಕೊಳವೆಯಂಥ ಡಬ್ಬಿಯೊಂದನ್ನು ಇಟ್ಟು, ಅದರೊಳಗೆ ಹೊಕ್ಕಾಗ ಡಬ್ಬಿಯನ್ನೇ ಎತ್ತಿ.

ಮನೆಯ ಗಂಡಸರಿಗೆ ಒಂದು ಸಮಾಧಾನ. ಮಾಂಟ್ರಿಯಲ್‌ನ ಜೆಫ್ರಿ ಮೊಗಿಲ್ ಅವರ ಪ್ರಯೋಗಾಲಯ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಗಂಡಸರು, ಕೊನೆಗೆ ಅವರು ತೊಟ್ಟ ಅಂಗಿ ಕೂಡ, ಇಲಿ ಸುಂಡಿಲಿಗಳಲ್ಲಿ ಒತ್ತಡ ಹುಟ್ಟಿಸುತ್ತವೆ. ಹೆಂಗಸರ ವಾಸನೆಗೆ ಹಾಗಾಗುವುದಿಲ್ಲ. ಅನೇಕ ಸಸ್ತನಿಗಳ ಗಂಡುಗಳಲ್ಲಿ ಇರುವ ಸಮಾನ ವಾಸನೆ ಇದಕ್ಕೆ ಕಾರಣ. ಇಲಿ ಅಪ್ಪನನ್ನು ಕಂಡು ಓಡಿ ಅಮ್ಮನ ಬಳಿ ಬಂದರೆ ಅದು ಅಪ್ಪನ ಗುಣದ ಬಗ್ಗೆ ಕೊಟ್ಟ ತೀರ್ಪಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದರೆ ಪರಿಣಾಮ ಇಳಿಯುತ್ತದೆ ಎಂದೂ ಅದೇ ಅಧ್ಯಯನ ಹೇಳುತ್ತದೆ.

ಇಲಿಗಳಿಗೆ ಕಚಗುಳಿ ಇಟ್ಟರೆ ನಗುತ್ತವೆ ಎಂಬುದನ್ನೂ ನೀವು ಕೇಳಿರಬಹುದು. ಅದು ಕಟ್ಟುಕತೆಯಲ್ಲ. ಯಾಕ್ ಪಾಂಕ್‌ಸೆಪ್ ಎಂಬ ವಿಜ್ಞಾನಿ 1990ರ ದಶಕದ ಕೊನೆಯಲ್ಲಿ, ಆಡುವಾಗ ಮತ್ತು ಕಚಗುಳಿ ಇಟ್ಟಾಗ ಮರಿ ಇಲಿಗಳು 50 ಕಿಲೋಹರ್ಟ್ಜ್ ಸುಮಾರಿನ ಚಿಲಿಪಿಲಿ ಮಾಡುತ್ತವೆ ಎಂದು ತೋರಿಸಿದರು. ಬರ್ಲಿನ್ನಿನಲ್ಲಿ ಮೈಕೇಲ್ ಬ್ರೆಕ್ಟ್ ಅವರ ತಂಡ 2016ರಲ್ಲಿ ಇದರ ಮಿದುಳಿನ ನೆಲೆಯನ್ನು ಹುಡುಕಿತು. ಇಲಿ ಹೆದರಿದ ಸ್ಥಿತಿಯಲ್ಲಿದ್ದರೆ ಕಚಗುಳಿಗೆ ನಗು ಬರುವುದಿಲ್ಲ ಎಂಬುದೂ ಅದರಲ್ಲೇ ಗೊತ್ತಾಯಿತು. ಆದ್ದರಿಂದ ವಿಡಿಯೋ ನೋಡಿ ಮೊದಲ ದಿನವೇ ಕಚಗುಳಿಗೆ ಇಳಿಯುವುದು ಬೇಡ.

ಇಷ್ಟೆಲ್ಲ ಮಾಡಿದರೂ ಕೆಲವು ಇಲಿಗಳು ಎಂದೂ ಮಡಿಲಿಗೆ ಬರುವುದಿಲ್ಲ. ಕೈಯಿಂದ ತಿನ್ನುತ್ತವೆ, ನಿಮ್ಮ ಎದುರಿಗೇ ಆಡುತ್ತವೆ, ಅಷ್ಟಕ್ಕೇ ನಿಲ್ಲುತ್ತವೆ. ಅದನ್ನು ಸೋಲು ಎಂದುಕೊಳ್ಳುವವರು ಅಂಜುಬುರುಕ ಜೋಡಿಯನ್ನು ತರದಿರುವುದೇ ಒಳ್ಳೆಯದು. ತಂದು ಮೂರು ತಿಂಗಳಿಗೆ ಹಿಂದಿರುಗಿಸಿದ ಇಲಿಗೆ ಎರಡನೆಯ ಮನೆ ಇನ್ನೂ ಕಷ್ಟ.

ಕಣ್ಣಲ್ಲಿ ರಕ್ತ, ಮನೆಯಲ್ಲಿ ರೋಗ?

ಹೊಸ ಮನೆಗೆ ಬಂದ ಇಲಿಯ ಕಣ್ಣು ಮೂಗಿನ ಸುತ್ತ ಕೆಂಪು ಕಲೆ ಕಂಡು ಎಷ್ಟೋ ಜನ ರಕ್ತ ಎಂದು ಬೆಚ್ಚಿಬೀಳುತ್ತಾರೆ. ಅದು ರಕ್ತವಲ್ಲ, ಕಣ್ಣಿನ ಹಿಂದಿನ ಗ್ರಂಥಿಯಿಂದ ಬರುವ ಪಾರ್ಫಿರಿನ್ ಎಂಬ ಬಣ್ಣವಸ್ತು. ಎಲ್ಲ ಇಲಿಗಳಲ್ಲೂ ಇರುತ್ತದೆ. ಮೈ ಸ್ವಚ್ಛ ಮಾಡಿಕೊಳ್ಳುವುದನ್ನು ಬಿಟ್ಟಾಗ, ಒತ್ತಡ ಅಥವಾ ಕಾಯಿಲೆ ಇದ್ದಾಗ ಹೆಚ್ಚಾಗಿ ಕಾಣುತ್ತದೆ. ಒಂದೆರಡು ದಿನ ಕಂಡು ಮಾಯವಾದರೆ ಪ್ರಯಾಣದ ಆಯಾಸ. ದಿನವೂ ಇದ್ದರೆ, ಜೊತೆಗೆ ಉಸಿರಾಡುವಾಗ ಗೊರಗೊರ ಸದ್ದಿದ್ದರೆ ವೈದ್ಯರ ಬಳಿ ಹೋಗಲೇಬೇಕು. ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸಾಕು ಇಲಿಗಳ ಶ್ವಾಸಕೋಶದಲ್ಲಿ ಸದ್ದಿಲ್ಲದೆ ಇರುವುದು ಬಹಳ ಸಾಮಾನ್ಯ. ಒತ್ತಡವೇ ಅದನ್ನು ಎಬ್ಬಿಸುತ್ತದೆ. ಇಲಿ ನೋಡಬಲ್ಲ ಪಶುವೈದ್ಯರು ಎಲ್ಲಿದ್ದಾರೆ ಎಂದು ಇಲಿ ತರುವ ಮೊದಲೇ ವಿಚಾರಿಸಿಟ್ಟುಕೊಳ್ಳಿ. ಒಂದು ಗಡ್ಡೆ ತೆಗೆಸುವ ಖರ್ಚು ಇಲಿಯ ಬೆಲೆಯ ಹತ್ತಾರು ಪಟ್ಟು ಇರುತ್ತದೆ.

ಬೋಳು ಬಾಲ ಕೊಳಕಿನ ಗುರುತಲ್ಲ. ಇಲಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಬಾಲದ ರಕ್ತನಾಳಗಳನ್ನು ಹಿಗ್ಗಿಸಿ ಶಾಖವನ್ನು ಹೊರಬಿಡುತ್ತದೆ. ಲಂಡನ್ನಿನ ಮನೆಯಲ್ಲಿ ಇದು ದೊಡ್ಡ ಪ್ರಶ್ನೆಯಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇಲಿ ಸಾಕುವ ಯೋಚನೆ ಇರುವವರು ಮಾತ್ರ ಗಮನಿಸಬೇಕು. 30 ಡಿಗ್ರಿ ದಾಟಿದರೆ ಅವು ಬಳಲುತ್ತವೆ.

ಅಜ್ಜಿಯ ಆತಂಕವನ್ನು ಹಗುರವಾಗಿ ಕಾಣಬಾರದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದದ್ದು, ಇಲಿ ಬಿದ್ದ ಮನೆಗಳನ್ನು ತೊರೆದು ಜನ ಬಯಲಿಗೆ ಹೋದದ್ದು, ಪ್ಲೇಗಮ್ಮನ ಗುಡಿಗಳು ಎದ್ದದ್ದು ನಮ್ಮ ನೆನಪಿನಲ್ಲಿ ಆಳವಾಗಿ ಕೂತಿದೆ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲದ ಇಲಿಜ್ವರ ಇಂದಿಗೂ ಜೀವ ತೆಗೆಯುತ್ತದೆ. ಆದರೆ ಪ್ಲೇಗ್ ದಾಟುವುದು ಸೋಂಕಿದ ಚಿಗಟದಿಂದ. ಇಲಿಜ್ವರ ಬರುವುದು ಸೋಂಕಿದ ಪ್ರಾಣಿಯ ಮೂತ್ರ ಬೆರೆತ ನೀರು, ಕೆಸರಿನಿಂದ. ಒಳಗೇ ಹುಟ್ಟಿ ಒಳಗೇ ಬೆಳೆದ ಸಾಕು ಇಲಿಯಿಂದ ಇವೆರಡರ ಅಪಾಯ ಬಹಳ ಕಡಿಮೆ. ಇಲಿ ಕಚ್ಚಿದರೆ ರೇಬಿಸ್ ಬರುತ್ತದೆ ಎಂಬ ಭಯಕ್ಕೂ ಆಧಾರ ತೀರಾ ತೆಳು. ಇಲಿಯಂಥ ಸಣ್ಣ ದಂಶಕಗಳಲ್ಲಿ ರೇಬಿಸ್ ಕಾಣುವುದೇ ಅತ್ಯಪರೂಪ.

ಹಾಗೆಂದು ಅಪಾಯವೇ ಇಲ್ಲ ಎನ್ನುವವರ ಮಾತನ್ನೂ ನಂಬಬೇಡಿ. ಆರೋಗ್ಯವಾಗಿ ಕಾಣುವ ಸಾಕು ಇಲಿಯ ಬಾಯಲ್ಲೂ ಇಲಿಕಡಿತದ ಜ್ವರ ತರುವ ಬ್ಯಾಕ್ಟೀರಿಯಾ ಇರಬಹುದು. ಕಚ್ಚಿದ ಅಥವಾ ಪರಚಿದ ಮೇಲೆ ಜ್ವರ, ಗಂಟುನೋವು, ಗುಳ್ಳೆಗಳು ಕಂಡರೆ ವೈದ್ಯರಿಗೆ 'ಮನೆಯಲ್ಲಿ ಇಲಿ ಇದೆ' ಎಂದು ಹೇಳಬೇಕು. ಹೇಳದಿದ್ದರೆ ಅವರಿಗೆ ಹೊಳೆಯುವುದೇ ಇಲ್ಲ. ಸರಿಯಾದ ಆಂಟಿಬಯಾಟಿಕ್‌ನಿಂದ ಗುಣವಾಗುವ ಇದು ಚಿಕಿತ್ಸೆ ಸಿಗದಿದ್ದರೆ ಪ್ರಾಣಕ್ಕೂ ಕುತ್ತು. 2017ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸಾಕು ಇಲಿಗಳಿಂದ ಸೋಲ್ ವೈರಸ್ ಎಂಬ ಹಂಟಾವೈರಸ್ ಜನರಿಗೆ ಹರಡಿದ್ದೂ ಉಂಟು. 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗೆ ಇಲಿ ಬೇಡ ಎಂದೇ ಹೇಳುತ್ತೇನೆ. ಉಳಿದವರಿಗೆ ಮುಟ್ಟಿದ ಮೇಲೆ ಕೈ ತೊಳೆಯುವುದು, ಅಡುಗೆಮನೆಯ ಬಚ್ಚಲಲ್ಲಿ ಪಂಜರ ತೊಳೆಯದಿರುವುದು, ಮುಖಕ್ಕೆ ಮುಖ ತಾಗಿಸದಿರುವುದು ಸಾಕು.

ಎರಡರಲ್ಲಿ ಒಂದು ಮೊದಲು ಹೋದಾಗ

ಸಾಕು ಇಲಿಯ ಆಯುಸ್ಸು 2ರಿಂದ 3 ವರ್ಷ. ಅದರ ಒಂದು ತಿಂಗಳು ನಮ್ಮ ಎರಡೂವರೆ ವರ್ಷದಷ್ಟು. ಆರು ತಿಂಗಳ ಅಂಜುಬುರುಕ ಜೋಡಿಯನ್ನು ತಂದು, ಅದು ಕೈಗೆ ಬರಲು ಮೂರು ತಿಂಗಳು ಹಿಡಿದರೆ, ಉಳಿಯುವುದು ಒಂದೂವರೆ ಎರಡು ವರ್ಷ. ಮಗುವಿಗೆ ಈ ಲೆಕ್ಕವನ್ನು ಮೊದಲೇ ಹೇಳಬೇಕು.

ಎರಡೂ ಒಂದೇ ದಿನ ಸಾಯುವುದಿಲ್ಲ. ಜೊತೆಗಾರನನ್ನು ಕಳೆದುಕೊಂಡ ಮುದಿ ಇಲಿ ತಿನ್ನುವುದನ್ನು ಕಡಿಮೆ ಮಾಡಬಹುದು, ಮತ್ತೆ ಮೂಲೆ ಸೇರಬಹುದು. ಅಂಜುಬುರುಕ ಇಲಿಯ ಮಟ್ಟಿಗೆ ಹೋದದ್ದು ಗೆಳೆಯ ಮಾತ್ರವಲ್ಲ, ಧೈರ್ಯವೂ ಹೌದು. ಆಗ ಎರಡು ದಾರಿಗಳಿವೆ. ಒಂದು, ಅದೇ ಲಿಂಗದ ಇಬ್ಬರು ಎಳೆಯರನ್ನು ತಂದು, ಯಾರದ್ದೂ ಅಲ್ಲದ ಜಾಗದಲ್ಲಿ ದಿನಕ್ಕಿಷ್ಟು ಹೊತ್ತು ಮುಖಾಮುಖಿ ಮಾಡಿಸುತ್ತಾ ನಿಧಾನವಾಗಿ ಸೇರಿಸುವುದು. ಒಂದೇ ಮರಿ ತಂದರೆ ಅದರ ಕುಣಿತವನ್ನೆಲ್ಲ ಮುದಿ ಇಲಿಯೇ ತಾಳಬೇಕಾಗುತ್ತದೆ, ಎರಡಿದ್ದರೆ ಅವು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತವೆ. ಆದರೆ ಹೀಗೆ ಸೇರಿಸುತ್ತಾ ಹೋದರೆ ಮನೆಯಲ್ಲಿ ಇಲಿ ಮುಗಿಯುವುದೇ ಇಲ್ಲ. ಪ್ರತಿ ಸಲವೂ ಕೊನೆಗೆ ಒಂದು ಉಳಿದೇ ಉಳಿಯುತ್ತದೆ. ಇನ್ನೊಂದು ದಾರಿ, ಉಳಿದದ್ದನ್ನು ಅದರ ವಯಸ್ಸಿಗೆ ಹೊಂದುವ ಗುಂಪು ಇರುವ ಕಡೆಗೆ ಕೊಡುವುದು. ಒಂಟಿಯಾದ ಇಲಿಯನ್ನು ಮರಳಿ ತೆಗೆದುಕೊಳ್ಳುತ್ತೀರಾ, ಅಥವಾ ಅದಕ್ಕೆ ಜೊತೆ ಹುಡುಕಿಕೊಡುತ್ತೀರಾ ಎಂಬ ಪ್ರಶ್ನೆಯನ್ನು ದತ್ತು ಪತ್ರಕ್ಕೆ ಸಹಿ ಹಾಕುವ ದಿನವೇ ಕೇಂದ್ರದವರಲ್ಲಿ ಕೇಳಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.